ನೆಲ ಒಣಗಿರಲಿ, ಗಾಳಿ ಆಡಲಿ: ಕರಾವಳಿಯಲ್ಲಿ ಸಾಕು ಹಾವಿನ ಚರ್ಮ ನೋಡಿಕೊಳ್ಳುವ ಬಗೆ

ಹಾವು ಸಾಕುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ದೇಶದವರು ಬರೆದದ್ದು. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿಸುವವರು ಅವರು. ಅವರ ಹಾವಿಗೆ ತೇವ ಸಾಲುವುದಿಲ್ಲ. ಅದಕ್ಕೇ ನೀರು ಸಿಂಪಡಿಸಿ, ತೇವ ಹೆಚ್ಚಿಸಿ ಎಂದು ಮತ್ತೆ ಮತ್ತೆ ಹೇಳುತ್ತಾರೆ. ಅದನ್ನು ಓದಿಕೊಂಡು ಜುಲೈ ತಿಂಗಳಲ್ಲಿ ಕಾರವಾರದಲ್ಲಿ ಹಾವಿನ ಪೆಟ್ಟಿಗೆಗೆ ನೀರು ಸಿಂಪಡಿಸಿದರೆ ಏನಾಗುತ್ತದೆ? ಕೆಲವೇ ವಾರದಲ್ಲಿ ಹೊಟ್ಟೆಯ ಹುರುಪೆ, ಅಂದರೆ ಚರ್ಮದ ಚಿಪ್ಪು, ಕೆಂಪಾಗುತ್ತದೆ, ಗುಳ್ಳೆ ಏಳುತ್ತದೆ. ನಮ್ಮಲ್ಲಿ ಗೋಡೆಯೇ ಬೆವರುವ ಕಾಲ ಅದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಹಾವಿನ ಚರ್ಮ ಕೆಡುವುದು ಜಾಸ್ತಿ ತೇವದಿಂದ. ಇಲ್ಲಿ ನಾನು ಬರೆಯುವುದೆಲ್ಲ ಈ ಒಂದು ಮಾತಿನ ಸುತ್ತ ಇದೆ.

ನಾನು ಕೋಡಿಬಾಗದವಳು, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ, ಆಫ್ರಿಕದ ಚಿಕ್ಕ ಹೆಬ್ಬಾವಿನ ಜಾತಿ, ಹೆಸರು ಸುಬ್ಬಿ. ಇನ್ನೊಂದು ಕಾರ್ನ್ ಸ್ನೇಕ್, ಅಮೆರಿಕದ ವಿಷವಿಲ್ಲದ ಹಾವು, ಕಿತ್ತಳೆ ಬಣ್ಣದ್ದು, ಅದಕ್ಕೆ ಅಬ್ಬಲಿ ಎಂದು ಹೆಸರಿಟ್ಟಿದ್ದೇವೆ. ಅಣ್ಣನ ಮನೆ ಶಿರಸಿಯಲ್ಲಿ, ಅವನ ಹತ್ತಿರವೂ ಒಂದು ಕಾರ್ನ್ ಸ್ನೇಕ್ ಇದೆ. ಘಟ್ಟದ ಮೇಲಿನ ತೊಂದರೆ ಬೇರೆ, ಕೆಳಗಿನ ತೊಂದರೆ ಬೇರೆ. ಎರಡನ್ನೂ ಹೇಳುತ್ತೇನೆ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. ಈ ಬರಹ ಹೊರದೇಶದ ಸಾಕು ಹಾವುಗಳಿಗೆ ಮಾತ್ರ. ತೋಟದ ಕೇರೆ, ಹೆಬ್ಬಾವು, ಹಸಿರು ಹಾವು ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಗಾಯವಾದ ಕಾಡು ಹಾವು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ನೀವೇ ಮದ್ದು ಹಚ್ಚಲು ಹೋಗಬೇಡಿ. ಬಾಲ್ ಪೈಥಾನ್, ವನ್ಯಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು, 2024ರಲ್ಲಿ ನಿಯಮಗಳು ಬಂದವು. ಅವುಗಳ ಪ್ರಕಾರ ಇಂಥ ಪ್ರಾಣಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ದಾಖಲೆ ಸರಿ ಇಲ್ಲ ಎಂಬ ಹೆದರಿಕೆಗೆ ಹಾವನ್ನು ವೈದ್ಯರಿಗೆ ತೋರಿಸದೇ ಇರುವವರಿದ್ದಾರೆ. ನರಳುವುದು ಹಾವು. ಕಾಗದಪತ್ರ ಇವತ್ತೇ ಸರಿ ಮಾಡಿಕೊಳ್ಳಿ.

ಆರೋಗ್ಯದ ಚರ್ಮ ಕಣ್ಣಿಗೆ ರೂಢಿಯಾಗಬೇಕು

ರೋಗ ಗುರುತಿಸಲು ಮೊದಲು ಚೆನ್ನಾಗಿರುವ ಚರ್ಮ ಹೇಗಿರುತ್ತದೆ ಎಂದು ಗೊತ್ತಿರಬೇಕು ಅಲ್ವಾ? ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ ಕುಳಿತು ನೋಡಿ. ನಾನು ಭಾನುವಾರ ಬೆಳಿಗ್ಗೆ ನೋಡುತ್ತೇನೆ. ಊಟ ಕೊಟ್ಟು ಎರಡು ದಿನ ಆಗುವವರೆಗೆ ಹಾವನ್ನು ಎತ್ತಬಾರದು, ತಿಂದದ್ದನ್ನು ಕಕ್ಕಿಬಿಡಬಹುದು.

ಹಾವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯಲು ಬಿಡಿ. ಗದ್ದದ ಕೆಳಗಿನ ಸೀಳು, ಕಣ್ಣಿನ ಅಂಚು, ಬಾಲ್ ಪೈಥಾನ್ ಆದರೆ ಮೇಲ್ದುಟಿಯ ಸಣ್ಣ ಕುಳಿಗಳು, ಇವನ್ನು ಟಾರ್ಚ್ ಹಾಕಿ ನೋಡಿ. ಬೆನ್ನ ಮೇಲೆ ತಲೆಯಿಂದ ಬಾಲದ ಕಡೆಗೆ ಬೆರಳು ಸವರಿ. ಎಲ್ಲಾದರೂ ಗಂಟು, ಒರಟು, ಎದ್ದ ಹುರುಪೆ ತಗುಲಿದರೆ ಅಲ್ಲೇ ನಿಲ್ಲಿ. ಆಮೇಲೆ ಹೊಟ್ಟೆ. ಹೆಚ್ಚಿನವರು ಬೆನ್ನಿನ ಚಂದ ನೋಡುತ್ತಾರೆ, ಹೊಟ್ಟೆ ತಿರುಗಿಸಿ ನೋಡುವುದಿಲ್ಲ. ನಮ್ಮ ಕಡೆ ರೋಗ ಶುರುವಾಗುವುದು ಹೊಟ್ಟೆಯಿಂದಲೇ. ಕೊನೆಗೆ ಮಲದ್ವಾರದ ಸುತ್ತ, ಬಾಲದ ತುದಿ. ಮೂಗಿನ ಹತ್ತಿರ ತಂದು ವಾಸನೆಯನ್ನೂ ನೋಡಿ. ಚೆನ್ನಾಗಿರುವ ಹಾವಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ.

ಹೊಟ್ಟೆಯ ಫೋಟೊ ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ತೆಗೆದಿಡಿ. ಒಂದು ಕೆಂಪು ಕಲೆ ಹೊಸದೋ ಹಳೆಯದೋ ಎಂಬ ಪ್ರಶ್ನೆ ಬಂದಾಗ ನೆನಪು ಕೈ ಕೊಡುತ್ತದೆ. ಫೋಟೊ ಕೈ ಕೊಡುವುದಿಲ್ಲ.

ಕೆಲವು ಗುರುತುಗಳಿಗೆ ಹೆದರಬೇಕಿಲ್ಲ. ಮರಿಯ ಹೊಟ್ಟೆಯ ಹಿಂಭಾಗದಲ್ಲಿ ಸಣ್ಣ ಸೀಳಿನ ಗುರುತು ಇದ್ದರೆ ಅದು ಹೊಕ್ಕಳು. ಬಾಲ್ ಪೈಥಾನ್‌ನ ಮಲದ್ವಾರದ ಎರಡೂ ಕಡೆ ಇರುವ ಚಿಕ್ಕ ಉಗುರು ಹುಟ್ಟಿನಿಂದಲೇ ಬಂದದ್ದು. ಪೊರೆ ಬಿಡುವ ಮುಂಚೆ ಬಾಲ್ ಪೈಥಾನ್ ಹೊಟ್ಟೆ ನಸುಗೆಂಪಾಗುತ್ತದೆ. ಇದೊಂದು ಮಾತ್ರ ಗೊಂದಲ ಮಾಡುತ್ತದೆ. ಪೊರೆಯ ಕೆಂಪು ಹೊಟ್ಟೆಯುದ್ದಕ್ಕೂ ಒಂದೇ ಸಮ ಇರುತ್ತದೆ, ಮೈ ಮಂಕಾಗುತ್ತದೆ, ಕಣ್ಣು ಬೂದು-ನೀಲಿಯಾಗುತ್ತದೆ. ರೋಗದ ಕೆಂಪು ಅಲ್ಲಲ್ಲಿ ತೇಪೆಯಾಗಿ ಇರುತ್ತದೆ, ಹುರುಪೆಯ ಅಂಚಿನಿಂದ ಹಬ್ಬುತ್ತದೆ, ಪೊರೆ ಬಿಟ್ಟ ಮೇಲೂ ಉಳಿಯುತ್ತದೆ.

ಹೊಟ್ಟೆ ಕೊಳೆಯುವ ರೋಗ

ಇಂಗ್ಲಿಷಿನವರು ಸ್ಕೇಲ್ ರಾಟ್ ಎನ್ನುತ್ತಾರೆ, ಗುಳ್ಳೆ ಹಂತದಲ್ಲಿದ್ದರೆ ಬ್ಲಿಸ್ಟರ್ ಡಿಸೀಸ್. ಹಾವು ದಿನಪೂರ್ತಿ ಹೊಟ್ಟೆಯ ಮೇಲೆಯೇ ಇರುವ ಪ್ರಾಣಿ. ಒದ್ದೆ ಹಾಸಿನ ಮೇಲೆ ಮಲಗಿದರೆ ಹುರುಪೆಯ ನಡುವಿನ ಮೆತ್ತನೆ ಚರ್ಮ ನೀರು ಕುಡಿದು ಸಡಿಲವಾಗುತ್ತದೆ. ಹೇಲು-ಉಚ್ಚೆಯಲ್ಲಿರುವ ಬ್ಯಾಕ್ಟೀರಿಯಾ ಅಲ್ಲಿ ಒಳಗೆ ಹೊಕ್ಕುತ್ತದೆ. ಏರೊಮೊನಾಸ್, ಸೂಡೊಮೊನಾಸ್ ಜಾತಿಯವು ಇಂಥ ಗಾಯಗಳಲ್ಲಿ ಸಾಮಾನ್ಯ. ಇದಕ್ಕೆ ಚಳಿ ಸೇರಿದರೆ ಕೆಲಸ ಕೆಟ್ಟಿತು. ಹಾವಿನ ಮೈ ಬಿಸಿ ಹೊರಗಿನಿಂದ ಬರಬೇಕು. ಮೈ ತಣ್ಣಗಾದರೆ ರೋಗದ ಜೊತೆ ಹೋರಾಡುವ ಶಕ್ತಿಯೂ ನಿಧಾನವಾಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಹೀಟ್ ಮ್ಯಾಟ್ (ಪೆಟ್ಟಿಗೆಯ ಒಂದು ತುದಿ ಬೆಚ್ಚಗಿಡುವ ಕರೆಂಟಿನ ಚಾಪೆ) ರಾತ್ರಿಯಿಡೀ ಆರಿರುತ್ತದೆ, ಹಾಸು ಒದ್ದೆಯಾಗಿಯೇ ಇರುತ್ತದೆ. ಎರಡೂ ಒಟ್ಟಿಗೆ ಬರುತ್ತವೆ.

ಮೊದಲು ಕಾಣುವುದು ಒಂದೆರಡು ಹೊಟ್ಟೆ ಹುರುಪೆಗಳ ಅಂಚಿನಲ್ಲಿ ಕೆಂಪು ಅಥವಾ ಕಂದು ಬಣ್ಣ. ಆಮೇಲೆ ಹುರುಪೆ ಉಬ್ಬುತ್ತದೆ, ಒಳಗೆ ತಿಳಿನೀರು ತುಂಬಿದ ಗುಳ್ಳೆಗಳು. ಗುಳ್ಳೆ ಒಡೆದರೆ ಹಸಿ ಗಾಯ, ಹಳದಿ ರಸ, ಕೆಟ್ಟ ವಾಸನೆ. ಕೊನೆಗೆ ಸೋಂಕು ರಕ್ತಕ್ಕೆ ಇಳಿಯುತ್ತದೆ. ಆಗ ಹೊಟ್ಟೆಯ ತುಂಬ ಸಣ್ಣ ಕೆಂಪು ಚುಕ್ಕೆ ಹರಡುತ್ತವೆ, ಹಾವು ಸೋತು ಮಲಗುತ್ತದೆ. ಅಲ್ಲಿಗೆ ಹೋದ ಮೇಲೆ ಉಳಿಸುವುದು ಕಷ್ಟ.

ಕುಮಟಾದ ಪರಿಚಯದ ಹುಡುಗನೊಬ್ಬ ಜೂನ್ ಕೊನೆಗೆ ತನ್ನ ಕಾರ್ನ್ ಸ್ನೇಕ್ ಫೋಟೊ ಕಳಿಸಿದ. ಪೆಟ್ಟಿಗೆಯಲ್ಲಿ ಬೆರಳುದ್ದ ದಪ್ಪಕ್ಕೆ ತೆಂಗಿನ ನಾರಿನ ಪುಡಿ ಹಾಕಿದ್ದ. ಮೇಲೆ ಒಣಗಿದಂತೆ ಕಾಣುತ್ತಿತ್ತು. ಕೈ ಹಾಕಿ ಅಡಿಯದನ್ನು ಹಿಂಡಿ ನೋಡು ಎಂದೆ. ನೀರು ಬಂತು. ಬೇಸಿಗೆಯಲ್ಲಿ ಒಳ್ಳೆಯ ಹಾಸು ಅದು, ಮಳೆಗಾಲದಲ್ಲಿ ಗಾಳಿಯ ತೇವವನ್ನೆಲ್ಲ ಕುಡಿದು ಹಿಡಿದಿಡುತ್ತದೆ. ಹೊಟ್ಟೆಯಲ್ಲಿ ಮೂರು ಹುರುಪೆ ಕೆಂಪಾಗಿದ್ದವು, ಗುಳ್ಳೆ ಇನ್ನೂ ಇರಲಿಲ್ಲ. ಅವನು ಆ ದಿನವೇ ಹಾಸು ತೆಗೆದು ಪೇಪರ್ ಹಾಕಿದ. ಗಣೇಶ ಚೌತಿಯ ಹೊತ್ತಿಗೆ ಹೊಟ್ಟೆ ತಿಳಿಯಾಗಿತ್ತು. ಕೆಂಪು ಮಾತ್ರ ಇರುವ ಹಂತದಲ್ಲಿ ಹಿಡಿದರೆ ಮನೆಯಲ್ಲೇ ವಾಸಿಯಾಗುತ್ತದೆ.

ಕೆಂಪು ಕಂಡ ದಿನ ಮಾಡಬೇಕಾದ್ದು ಇಷ್ಟು. ಹಳೆಯ ಹಾಸು, ಅಡಿಕೆ ಹಾಳೆ, ಮರದ ತುಂಡು ಎಲ್ಲ ಹೊರಗೆ. ಪೆಟ್ಟಿಗೆಯನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬಿಳಿ ಪೇಪರ್ ಹಾಸಿ. ಹೇಲು-ಉಚ್ಚೆ ಮಾಡಿದ ಕೂಡಲೇ ಬದಲಿಸಿ, ಇಲ್ಲದಿದ್ದರೂ ದಿನಕ್ಕೊಮ್ಮೆ ಬದಲಿಸಿ. ನೀರಿನ ಬಟ್ಟಲು ಚಿಕ್ಕದಿರಲಿ, ಮಗುಚದಂತೆ ಭಾರವಾಗಿರಲಿ. ಬೆಚ್ಚಗಿನ ತುದಿಯ ಬಿಸಿ ಸರಿಯಿದೆಯೇ ನೋಡಿ. ಬಾಲ್ ಪೈಥಾನ್‌ಗೆ 31ರಿಂದ 33 ಡಿಗ್ರಿ ಸೆಲ್ಸಿಯಸ್, ಕಾರ್ನ್ ಸ್ನೇಕ್‌ಗೆ 29ರಿಂದ 31 ಸಾಕು.

ಮದ್ದು ಎಂದರೆ ಪೊವಿಡೋನ್ ಅಯೋಡಿನ್. ಅಂಗಡಿಯಲ್ಲಿ ಸಿಗುವ ಶೇ 10ರ ದ್ರಾವಣ ಒಂದು ಪಾಲಿಗೆ ಕುದಿಸಿ ಆರಿಸಿದ ನೀರು ಹತ್ತು ಪಾಲು ಸೇರಿಸಿ. ಬಣ್ಣ ಹಾಲಿಲ್ಲದ ತೆಳು ಚಹಾದಂತೆ ಇರಬೇಕು. ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ ಗಾಯದ ಮೇಲೆ ಐದು ನಿಮಿಷ ಇಡಿ. ಆಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ. ದಿನಕ್ಕೊಮ್ಮೆ ಸಾಕು. ಕಣ್ಣಿಗೆ, ಬಾಯಿಗೆ ತಾಗಬಾರದು. ಚರ್ಮ ಹಸಿಯಾಗಿದ್ದರೆ ವೈದ್ಯರು ಸಾಮಾನ್ಯವಾಗಿ ಸಿಲ್ವರ್ ಸಲ್ಫಡಯಜಿನ್ ಮುಲಾಮು ಬರೆಯುತ್ತಾರೆ, ಅದನ್ನು ತೆಳ್ಳಗೆ ಸವರಬೇಕು. ಗುಳ್ಳೆಯನ್ನು ನೀವು ಒಡೆಯಬೇಡಿ. ಗುಳ್ಳೆ ಕಂಡಿತು ಎಂದರೆ ಮನೆಮದ್ದಿನ ಹಂತ ದಾಟಿತು, ವೈದ್ಯರಿಗೆ ಫೋನ್ ಮಾಡಿ. ಬರೀ ಕೆಂಪಿದ್ದು ಒಂದು ವಾರದಲ್ಲಿ ಕಡಿಮೆಯಾಗದಿದ್ದರೂ ಹಾಗೆಯೇ.

ವಾಸಿಯಾಗುವಾಗ ಹಾವು ಬೇಗ ಬೇಗ ಪೊರೆ ಬಿಡುತ್ತದೆ. ಅದು ಒಳ್ಳೆಯದೇ. ಪ್ರತಿ ಪೊರೆಗೂ ಗಾಯ ಸ್ವಲ್ಪ ಸ್ವಲ್ಪ ಮುಚ್ಚುತ್ತದೆ.

ಮಳೆಗಾಲಕ್ಕೆ ಪೆಟ್ಟಿಗೆ ಸಿದ್ಧಮಾಡುವುದು

ಗಾಳಿಯ ತೇವ ಬೇರೆ, ನೆಲದ ಒದ್ದೆ ಬೇರೆ. ಇದು ಮನಸ್ಸಿಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಬಾಲ್ ಪೈಥಾನ್‌ಗೆ ಗಾಳಿಯಲ್ಲಿ ಶೇ 60-70ರಷ್ಟು ತೇವ ಹಿತ, ಕಾರ್ನ್ ಸ್ನೇಕ್‌ಗೆ 40-60. ಕಾರವಾರದ ಮಳೆಗಾಲದಲ್ಲಿ 90 ದಾಟುವ ದಿನಗಳಿವೆ. ಅದನ್ನು 60ಕ್ಕೆ ಇಳಿಸುವುದು ಫ್ಯಾನಿನಿಂದ ಆಗುವ ಕೆಲಸವಲ್ಲ. ಆದರೆ ನೆಲ ಒಣಗಿಸಿ ಇಡುವುದು, ಗಾಳಿ ಆಡಿಸುವುದು ನಮ್ಮ ಕೈಯಲ್ಲಿದೆ. ನೆಲ ಒಣಗಿದ್ದು ಗಾಳಿ ಆಡುತ್ತಿದ್ದರೆ ಹಾವು ಆ ತೇವವನ್ನು ತಡೆದುಕೊಳ್ಳುತ್ತದೆ.

ಮೊದಲ ಮಳೆಗೆ ಮುಂಚೆ ನಾರಿನ ಪುಡಿ ತೆಗೆದು ಪೇಪರಿಗೆ ಬನ್ನಿ. ನಮ್ಮ ಕಡೆ ಪೇಪರೂ ತೇವ ಹಿಡಿದು ಮೆತ್ತಗಾಗಿರುತ್ತದೆ. ನಾನು ಹಾಸುವ ಮೊದಲು ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸುತ್ತೇನೆ, ಮಿಕ್ಕಿದ್ದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಪೆಟ್ಟಿಗೆಯನ್ನು ಚಿರೇಕಲ್ಲಿನ ಹೊರಗೋಡೆಗೆ ಒತ್ತಿ ಇಡಬೇಡಿ, ಆ ಗೋಡೆ ನೀರು ಎಳೆಯುತ್ತದೆ. ನೆಲದಿಂದಲೂ ಎತ್ತರ ಇರಲಿ. ಗಾಳಿಯ ತೂತು ಎದುರು ಬದುರು ಇರಬೇಕು. ಒಂದೇ ಕಡೆ ಇದ್ದರೆ ಗಾಳಿ ಆಡುವುದಿಲ್ಲ. ಅಡಗಲು ಅಡಿಕೆ ಹಾಳೆ ಒಳ್ಳೆಯದು, ಹಗುರ, ಪುಕ್ಕಟೆ. ಆದರೆ ಮಳೆಗಾಲದಲ್ಲಿ ಬೂಸಲು ಬೇಗ ಹಿಡಿಯುತ್ತದೆ. ಚುಕ್ಕೆ ಕಂಡ ಕೂಡಲೇ ಎಸೆಯಿರಿ, ಒಲೆಗೆ ಹಾಕಿ.

ತೇವ ಅಳೆಯುವ ಮೀಟರ್‌ಗಳಲ್ಲಿ ಅಗ್ಗದವು ನಮ್ಮ ಹವೆಯಲ್ಲಿ ಬೇಗ ಹಾಳಾಗುತ್ತವೆ. ಸುಮ್ನೆ 99 ತೋರಿಸುತ್ತ ಕೂರುತ್ತವೆ. ಪರೀಕ್ಷೆ ಮಾಡುವುದು ಸುಲಭ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗದಷ್ಟು ಸ್ವಲ್ಪ ನೀರು ಸೇರಿಸಿ ಮುದ್ದೆ ಮಾಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. ಉಪ್ಪಿನ ಮುದ್ದೆಯ ಮೇಲಿನ ಗಾಳಿ ಶೇ 75ಕ್ಕೆ ನಿಲ್ಲುವುದು ಅದರ ಗುಣ. ಸಾಣಿಕಟ್ಟಾದ ಕಲ್ಲುಪ್ಪು ಅಡುಗೆಗೆ ಎಷ್ಟೇ ರುಚಿಯಾದರೂ ಇದಕ್ಕೆ ಬೇಡ, ಅದರಲ್ಲಿ ಬೇರೆ ಲವಣಗಳೂ ಇರುತ್ತವೆ, ಲೆಕ್ಕ ತಪ್ಪುತ್ತದೆ. 80 ತೋರಿಸಿದರೆ ಮೀಟರ್ 5 ಜಾಸ್ತಿ ಹೇಳುತ್ತಿದೆ ಎಂದು ಅದರ ಮೇಲೆ ಬರೆದಿಡಿ.

ಪೊರೆ ಸಿಕ್ಕಿಕೊಂಡರೆ

ಪೊರೆ ಬಿಡುವ ಕಾಲ ಬಂದಾಗ ಹಳೆಯ ಚರ್ಮ ಮತ್ತು ಹೊಸದರ ನಡುವೆ ಒಂದು ದ್ರವ ತುಂಬುತ್ತದೆ. ಕಣ್ಣು ಮಂಜಾಗುವುದು ಅದಕ್ಕೇ. ಕೆಲವು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗುತ್ತದೆ, ಅದಾಗಿ ಕೆಲವು ದಿನಕ್ಕೆ ಮೂಗಿನ ತುದಿಯಿಂದ ಶುರುಮಾಡಿ ಪೊರೆ ಒಂದೇ ತುಂಡಾಗಿ ಬರುತ್ತದೆ. ಎಲ್ಲ ಸೇರಿ ಒಂದೆರಡು ವಾರ. ಈ ಹೊತ್ತಿನಲ್ಲಿ ಹಾವನ್ನು ಎತ್ತಬೇಡಿ. ಅದಕ್ಕೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಹೊಸ ಚರ್ಮ ಹಸಿಯಾಗಿರುತ್ತದೆ.

ಬಿಟ್ಟ ಪೊರೆಯನ್ನು ಎಸೆಯುವ ಮೊದಲು ನೋಡಿ. ತಲೆಯ ಭಾಗದಲ್ಲಿ ಎರಡು ದುಂಡನೆಯ ಕಣ್ಣಿನ ಮುಚ್ಚಳ ಬಂದಿವೆಯೇ? ಬಾಲದ ತುದಿ ಪೂರ್ತಿ ಇದೆಯೇ? ಇವೆರಡು ಬಂದಿದ್ದರೆ ನಿಶ್ಚಿಂತೆ.

ಪೊರೆ ತುಂಡು ತುಂಡಾಗಿ ಬರುವುದು ಒಣ ಹವೆಯ ಲಕ್ಷಣ. ಕರಾವಳಿಯಲ್ಲಿ ಅದು ಎಸಿ ಕೋಣೆಯಲ್ಲಿಟ್ಟ ಹಾವಿಗೆ ಆಗುತ್ತದೆ. ಶಿರಸಿಯಲ್ಲಿ ಡಿಸೆಂಬರ್‌ನಿಂದ ಆಗುತ್ತದೆ. ಚಳಿಗೆ ಎಂದು ಬಲ್ಬ್ ಹಾಕಿದಾಗ ಪೆಟ್ಟಿಗೆಯೊಳಗಿನ ಗಾಳಿ ಇನ್ನೂ ಒಣಗುತ್ತದೆ. ಎಸಿಯೂ ಇಲ್ಲ, ಬಲ್ಬೂ ಇಲ್ಲ, ಹೊರಗೆ ಮಳೆ, ಆದರೂ ಪೊರೆ ಸಿಕ್ಕಿಕೊಂಡಿತು ಎಂದರೆ ಕಾರಣ ಬೇರೆ. ಹಾವು ನೀರು ಕುಡಿಯುತ್ತಿಲ್ಲ, ನುಸಿ ಹತ್ತಿದೆ, ಹಳೆಯ ಗಾಯವಿದೆ ಅಥವಾ ಒಳಗೇನೋ ಕಾಯಿಲೆ ಇದೆ. ಅದನ್ನು ಹುಡುಕಬೇಕು.

ಒಣ ಕಾಲದಲ್ಲಿ ಪೆಟ್ಟಿಗೆಗೆಲ್ಲ ನೀರು ಚಿಮುಕಿಸುವುದಕ್ಕಿಂತ ಒಂದು ತೇವದ ಗೂಡು ಮಾಡಿಕೊಡುವುದು ಒಳ್ಳೆಯದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾವು ಹೊಕ್ಕುವಷ್ಟು ತೂತು ಮಾಡಿ, ಒಳಗೆ ಹಿಂಡಿದ ಟವೆಲ್ ತುಂಡು ಹಾಕಿ. ತೂತಿನ ಅಂಚು ಹರಿತ ಇರಬಾರದು. ಬೇಕಾದಾಗ ಹಾವು ಒಳಗೆ ಹೋಗುತ್ತದೆ, ಸಾಕಾದಾಗ ಒಣ ನೆಲಕ್ಕೆ ಬರುತ್ತದೆ. ಕಣ್ಣು ಮಂಜಾದ ದಿನದಿಂದ ಪೊರೆ ಬಿಡುವವರೆಗೆ ಮಾತ್ರ ಇಡಿ, ಟವೆಲ್ ದಿನಾ ಬದಲಿಸಿ. ಕಾಡಿನಿಂದ ಪಾಚಿ ಕಿತ್ತು ತಂದು ಹಾಗೇ ಹಾಕಬೇಡಿ. ನಮ್ಮ ಜಿಲ್ಲೆಯವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ, ಮಂಗನ ಕಾಯಿಲೆ ಎಲ್ಲರಿಗೂ ಗೊತ್ತು. ಕುದಿಸಿ ಒಣಗಿಸಿದ ಮೇಲೆ ಬಳಸಬಹುದು.

ಆಗಲೇ ಸಿಕ್ಕಿಕೊಂಡಿದ್ದರೆ ಹೀಗೆ ಮಾಡಿ. ಮುಚ್ಚಳಕ್ಕೆ ತೂತಿರುವ ಡಬ್ಬಿಯಲ್ಲಿ 28-30 ಡಿಗ್ರಿ ನೀರು ಹಾಕಿ. ಹಾವಿನ ಮೈ ಅರ್ಧ ಮುಳುಗುವಷ್ಟೇ ಇರಲಿ. 20-30 ನಿಮಿಷ ಬಿಡಿ, ಪಕ್ಕದಲ್ಲೇ ಕುಳಿತಿರಿ. ಆಮೇಲೆ ಒದ್ದೆ ಟವೆಲ್ ಅನ್ನು ಕೈಯಲ್ಲಿ ಸಡಿಲವಾಗಿ ಹಿಡಿದು ಅದರ ನಡುವೆ ಹಾವು ತಾನೇ ಹರಿದು ಹೋಗಲು ಬಿಡಿ. ಪೊರೆ ಟವೆಲ್‌ಗೆ ಉಜ್ಜಿ ಕಳಚುತ್ತದೆ. ಉಗುರಿನಿಂದ ಕೀಳಬೇಡಿ. ಬಾರದಿದ್ದರೆ ಮರುದಿನ ಮತ್ತೆ. ಬಾಲದ ತುದಿಯ ಉಂಗುರ ಮಾತ್ರ ಬಿಡುವಂತಿಲ್ಲ. ಅದು ಒಣಗುತ್ತ ಬಿಗಿಯಾಗಿ ರಕ್ತ ನಿಲ್ಲಿಸುತ್ತದೆ, ತುದಿ ಕಪ್ಪಾಗಿ ಉದುರುತ್ತದೆ.

ಕಣ್ಣಿನ ಮುಚ್ಚಳದ ವಿಷಯದಲ್ಲಿ ನಾನು ಕೈ ಮುಗಿದು ಕೇಳುತ್ತೇನೆ, ಚಿಮಟ ಹಾಕಬೇಡಿ. ಹಾವಿಗೆ ರೆಪ್ಪೆ ಇಲ್ಲ. ಕಣ್ಣನ್ನು ಕಾಯುವುದೇ ಆ ಪಾರದರ್ಶಕ ಹುರುಪೆ. ಹಳೆಯದರ ಜೊತೆ ಹೊಸದೂ ಕಿತ್ತು ಬಂದರೆ ಕಣ್ಣೇ ಹೋಗುತ್ತದೆ. ತೇವದ ಗೂಡು ಕೊಟ್ಟು ಮುಂದಿನ ಪೊರೆಯವರೆಗೆ ಕಾಯಿರಿ, ಹೆಚ್ಚಿನ ಸಲ ಅದರ ಜೊತೆ ಬರುತ್ತದೆ. ಬಾರದಿದ್ದರೆ, ಇಲ್ಲವೇ ಕಣ್ಣು ಊದಿದರೆ, ವೈದ್ಯರ ಕೆಲಸ.

ನುಸಿ

ಹಾವಿನ ನುಸಿ ಒಂದು ಮಿಲಿಮೀಟರ್ ಇರುತ್ತದೆ ಅಷ್ಟೆ. ಕಪ್ಪು ಅಥವಾ ಕಡುಗೆಂಪು. ಹುರುಪೆಯ ಅಡಿ, ಕಣ್ಣಿನ ಸುತ್ತ, ಗದ್ದದ ಸೀಳಿನಲ್ಲಿ ಕುಳಿತು ರಕ್ತ ಕುಡಿಯುತ್ತದೆ. ಹಾವು ಇದ್ದಕ್ಕಿದ್ದಂತೆ ನೀರಿನ ಬಟ್ಟಲಿನಲ್ಲೇ ಗಂಟೆಗಟ್ಟಲೆ ಕೂತರೆ ಅನುಮಾನಪಡಿ. ನೀರಿನ ತಳದಲ್ಲಿ ಕಪ್ಪು ಚುಕ್ಕೆ ಸತ್ತು ಬಿದ್ದಿರುತ್ತವೆ. ಮೈಮೇಲೆ ಬೂದಿ ಉದುರಿದಂಥ ಬಿಳಿ ಪುಡಿ ಅದರ ಹಿಕ್ಕೆ. ಒದ್ದೆ ಮಾಡಿದ ಬಿಳಿ ಟಿಶ್ಯೂ ಪೇಪರ್‌ನಿಂದ ಮೈ ಒರೆಸಿದರೆ ಖಾತ್ರಿಯಾಗುತ್ತದೆ. ಬಿಳಿ ಹಾಸಿನ ಇನ್ನೊಂದು ಲಾಭ ಇದೇ.

ಮಳೆಗಾಲದಲ್ಲಿ ಒದ್ದೆ ನಾರು, ಮರದ ತುಂಡಿನ ಮೇಲೆ ಬೆಳ್ಳಗಿನ ಸಣ್ಣ ನುಸಿ ಕಾಣುತ್ತದೆ, ಹಾವಿನ ಮೈಮೇಲೆ ಕಾಣುವುದಿಲ್ಲ. ಅದು ಬೂಸಲು ತಿನ್ನುವ ಜಾತಿ, ರಕ್ತ ಕುಡಿಯುವುದಿಲ್ಲ. ಹಾಸು ಬದಲಿಸಿ ಒಣಗಿಸಿದರೆ ಹೋಗುತ್ತದೆ. ಅದಕ್ಕೆ ವಿಷ ಹೊಡೆಯಬೇಡಿ.

ರಕ್ತ ಕುಡಿಯುವ ನುಸಿಯ ಹಠ ಇರುವುದು ಅದರ ಮೊಟ್ಟೆಯಲ್ಲಿ. ಹೆಣ್ಣು ಹಾವಿನಿಂದ ಇಳಿದು ಪೆಟ್ಟಿಗೆಯ ಮೂಲೆ, ಮುಚ್ಚಳದ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ದೊಡ್ಡದಾಗಲು ಬೆಚ್ಚಗಿನ ತೇವದ ಹವೆಯಲ್ಲಿ ಎರಡು ವಾರ ಸಾಕು. ನಮ್ಮ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಆದ್ದರಿಂದ ಹಾವಿಗೆ ಮಾತ್ರ ಮದ್ದು ಮಾಡಿದರೆ ವಾರದಲ್ಲಿ ಮತ್ತೆ ಹತ್ತುತ್ತದೆ. ಮರದ ಸಾಮಾನು ಸುಟ್ಟುಬಿಡಿ. ಪೆಟ್ಟಿಗೆಯನ್ನು ಬಿಸಿ ಸಾಬೂನು ನೀರಿನಲ್ಲಿ, ಮೂಲೆಗೆ ಹಳೆಯ ಟೂತ್‌ಬ್ರಷ್ ಹಾಕಿ ಉಜ್ಜಿ. ಹಾವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಬಹಳಷ್ಟು ಮುಳುಗಿ ಸಾಯುತ್ತವೆ, ತಲೆಗೆ ಹತ್ತಿದವು ಉಳಿಯುತ್ತವೆ. ಅದಕ್ಕೆ ಎಣ್ಣೆ ಹಚ್ಚಲು ಹೋಗದೆ ವೈದ್ಯರು ಹೇಳಿದ ಮದ್ದನ್ನೇ ಬಳಸಿ. ಮೇಲ್ನೋಟಕ್ಕೆ ಒಂದೂ ಕಾಣದಿದ್ದರೂ ಆರು ವಾರ ಬಿಡದೆ ಮುಂದುವರಿಸಿ. ಎರಡು ಹಾವಿದ್ದರೆ ಚೆನ್ನಾಗಿರುವುದನ್ನು ಮೊದಲು ಮುಟ್ಟಿ, ನುಸಿ ಇರುವುದನ್ನು ಕೊನೆಗೆ. ಹೊಸ ಹಾವು ತಂದರೆ ಎರಡು-ಮೂರು ತಿಂಗಳು ಬೇರೆ ಕೋಣೆಯಲ್ಲಿಡಿ.

ನುಸಿ ಎಂದ ಕೂಡಲೇ ಜನ ಕೊಡುವ ಸಲಹೆಗಳಿಗೆ ಹೆದರಬೇಕು. ನ್ಯಾಫ್ತಲಿನ್ ಗುಳಿಗೆ ಬೇಡ, ಸೊಳ್ಳೆ ಬತ್ತಿ ಬೇಡ, ಸೀಮೆಎಣ್ಣೆ ಬೇಡ. ನಾಯಿಯ ಉಣ್ಣಿಗೆ ಹೊಡೆಯುವ ಸ್ಪ್ರೇ, ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಇವನ್ನು ಅಂದಾಜಿನ ಮೇಲೆ ಹಾಕಲೇಬೇಡಿ. ಪ್ರಮಾಣ ಸ್ವಲ್ಪ ತಪ್ಪಿದರೂ ಹಾವಿನ ನರಕ್ಕೆ ಏಟು. ಆಮೆಗಂತೂ ಐವರ್‌ಮೆಕ್ಟಿನ್ ಪ್ರಾಣಾಂತಿಕ, ಮನೆಯಲ್ಲಿ ಎರಡೂ ಇದ್ದವರು ಇದನ್ನು ನೆನಪಿಡಿ.

ಸುಟ್ಟ ಗಾಯ, ಕಚ್ಚಿದ ಗಾಯ, ಗಂಟು, ಶಿಲೀಂಧ್ರ

ಹೀಟ್ ಮ್ಯಾಟ್‌ಗೆ ಬಿಸಿ ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಹೊಟ್ಟೆ ಸುಡುತ್ತದೆ. ಹಾವು ಬಿಸಿಯಿಂದ ತಾನಾಗಿ ಸರಿಯುತ್ತದೆ ಎಂದು ನಂಬಿ ಕೂರಬೇಡಿ. ಹುರುಪೆ ಕಂದಾಗುತ್ತದೆ ಅಥವಾ ಬಿಳಿಚುತ್ತದೆ, ಗುಳ್ಳೆ ಕೆಲವು ದಿನದ ಮೇಲೆ ಏಳಬಹುದು. ಆಗಷ್ಟೇ ಸುಟ್ಟಿದ್ದರೆ ಹತ್ತು ನಿಮಿಷ ತಣ್ಣೀರು ಹರಿಸಿ, ಐಸ್ ಬೇಡ. ಬಲ್ಬನ್ನು ಪೆಟ್ಟಿಗೆಯ ಒಳಗೆ ಜಾಲರಿಯಿಲ್ಲದೆ ಇಡಬೇಡಿ. ಶಿರಸಿಯ ಚಳಿಗೆ ಈ ತಪ್ಪು ಜಾಸ್ತಿ ನಡೆಯುತ್ತದೆ.

ಜೀವಂತ ಇಲಿ ಕೊಡಬೇಡಿ. ಹಾವಿಗೆ ಹಸಿವಿಲ್ಲದಿದ್ದರೆ ಇಲಿಯೇ ಹಾವನ್ನು ಕಚ್ಚಿ ತಿನ್ನುತ್ತದೆ. ಸತ್ತ ಇಲಿಯನ್ನು ಫ್ರೀಜರಿನಲ್ಲಿಟ್ಟು, ಕರಗಿಸಿ ಕೊಡಿ.

ಚರ್ಮದ ಅಡಿ ಗಟ್ಟಿ ಗಂಟು ಸಿಕ್ಕರೆ ಬಾವು ಇರಬಹುದು. ಹಾವಿನ ಕೀವು ನಮ್ಮ ಕೀವಿನಂತೆ ಹರಿಯುವುದಿಲ್ಲ, ಗಟ್ಟಿಯಾಗಿ ಕುಳಿತಿರುತ್ತದೆ. ಹಿಂಡಿದರೆ ಬಾರದು. ಬರೀ ಮಾತ್ರೆಯಿಂದಲೂ ಹೋಗದು. ವೈದ್ಯರು ಕೊಯ್ದು ತೆಗೆಯಬೇಕು.

ಮುಖ, ಕುತ್ತಿಗೆಯ ಮೇಲೆ ಹಳದಿ-ಕಂದು ಹಕ್ಕಳೆ, ದಪ್ಪವಾದ ಹುರುಪೆ, ಊತ ಕಂಡು ಪೇಪರ್ ಹಾಸು, ಅಯೋಡಿನ್ ಯಾವುದಕ್ಕೂ ಜಗ್ಗದಿದ್ದರೆ ಶಿಲೀಂಧ್ರದ ಅನುಮಾನ. ಅಮೆರಿಕದ ಕಾಡು ಹಾವುಗಳನ್ನು ಕಾಡಿದ ಒಫಿಡಿಯೊಮೈಸಿಸ್ ಶಿಲೀಂಧ್ರ ಸಾಕು ಹಾವುಗಳಿಗೂ ತಗುಲುತ್ತದೆ. ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ, ಚರ್ಮದ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿಯವರೆಗೆ ಆ ಹಾವಿನ ಬಟ್ಟಲು, ಬಟ್ಟೆ ಎಲ್ಲ ಬೇರೆಯೇ ಇರಲಿ.

ನಮ್ಮ ಮದ್ದಿನಂಗಡಿಗಳಲ್ಲಿ ಹುಳುಕಡ್ಡಿಗೆ ಎಂದು ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟೆರಾಯ್ಡ್ ಸೇರಿರುತ್ತದೆ. ಕೆಂಪು ಎರಡು ದಿನಕ್ಕೆ ಇಳಿದಂತೆ ಕಾಣುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ. ಮರಗಟ್ಟಿಸುವ ಮದ್ದು ಸೇರಿದ ಮುಲಾಮೂ ಬೇಡ. ನಾಗಪ್ಪನಿಗೆ ಒಳ್ಳೆಯದು ಎಂದು ಮನೆಯ ಹಿರಿಯರು ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಲು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎಣ್ಣೆ ಕೊಳೆಯನ್ನು ಹಿಡಿದಿಡುತ್ತದೆ, ಅರಿಶಿನದ ಹಳದಿ ಬಣ್ಣ ಗಾಯದ ಬಣ್ಣವನ್ನೇ ಮುಚ್ಚುತ್ತದೆ. ಆಮೇಲೆ ವೈದ್ಯರಿಗೂ ಏನೂ ಕಾಣುವುದಿಲ್ಲ.

ಹಾವನ್ನು ಮುಟ್ಟಿದ ಮೇಲೆ ಕೈ ಸಾಬೂನಿನಿಂದ ತೊಳೆಯಿರಿ. ಮನುಷ್ಯರಿಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚೆನ್ನಾಗಿರುವ ಹಾವಿನಲ್ಲೂ ಇರಬಹುದು. ಹಾವು ನೆನೆಸುವ ಡಬ್ಬಿ, ತೂಕದ ತಕ್ಕಡಿ ಅಡುಗೆಮನೆಯದಾಗಿರಬಾರದು.

ವೈದ್ಯರ ಹತ್ತಿರ

ಗುಳ್ಳೆ, ಹಸಿ ಗಾಯ, ವಾಸನೆ, ಹರಡುವ ಕೆಂಪು ಚುಕ್ಕೆ, ಬಾಯಿ ತೆರೆದು ಉಸಿರಾಡುವುದು, ಕೈಯಲ್ಲಿ ಹಿಡಿದಾಗ ಜೋಲು ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ ದನ, ನಾಯಿ ನೋಡುವವರೇ ಹೆಚ್ಚು, ಹಾವು ಎಂದರೆ ಕೆಲವರು ಹಿಂದೆ ಸರಿಯುತ್ತಾರೆ. ಆದರೂ ಊರಿನ ವೈದ್ಯರ ಪರಿಚಯ ಈಗಲೇ ಮಾಡಿಕೊಂಡಿರಿ. ದೂರದ ಸರೀಸೃಪ ತಜ್ಞರು ಫೋನಿನಲ್ಲಿ ಪ್ರಮಾಣ ಹೇಳಿದರೆ ಇಂಜೆಕ್ಷನ್ ಕೊಡಲು ಇವರು ಬೇಕು. ಕಾರವಾರದವರಿಗೆ ಗೋವಾ ಹತ್ತಿರ. ಶಿರಸಿಯವರಿಗೆ ಶಿವಮೊಗ್ಗದ ಪಶುವೈದ್ಯ ಕಾಲೇಜು ಇದೆ. ಅರಬೈಲ್, ದೇವಿಮನೆ ಘಟ್ಟಗಳು ಮಳೆಗಾಲದಲ್ಲಿ ಯಾವಾಗ ಬಂದ್ ಆಗುತ್ತವೋ ಹೇಳಲಾಗದು, ಹಾಗಾಗಿ ನಾಳೆ ನೋಡೋಣ ಎನ್ನುವುದು ನಮಗೆ ಒಗ್ಗುವುದಿಲ್ಲ.

ಹಾವನ್ನು ಹತ್ತಿಯ ದಿಂಬಿನ ಚೀಲದಲ್ಲಿ ಗಂಟು ಹಾಕಿ, ಚೀಲವನ್ನು ತೂತಿರುವ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಡಬ್ಬಿಯ ಹೊರಬದಿಗೆ ಇರಲಿ. ಏಪ್ರಿಲ್-ಮೇ ಆದರೆ ಬೆಳಿಗ್ಗೆ ಬೇಗ ಹೊರಡಿ. ಹಾವಿನ ತೂಕ, ಕೊನೆಯ ಊಟದ ದಿನ, ಕೊನೆಯ ಪೊರೆಯ ದಿನ, ಪೆಟ್ಟಿಗೆಯ ಬಿಸಿ ಮತ್ತು ತೇವ ಬರೆದುಕೊಂಡು ಹೋಗಿ. ತಿಂಗಳ ಫೋಟೊಗಳು, ಬಿಟ್ಟ ಪೊರೆ ಜೊತೆಗಿರಲಿ. ಆಂಟಿಬಯೋಟಿಕ್ ಶುರುಮಾಡುವ ಮೊದಲು ಗಾಯದ ಸ್ಯಾಂಪಲ್ ತೆಗೆಯಬಹುದೇ ಎಂದು ಕೇಳಿ. ಮದ್ದು ಶುರುವಾದ ಮೇಲೆ ತೆಗೆದ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು.

ಸೆಫ್ಟಾಜಿಡಿಮ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಬರೆದರೆ ಹಾವಿಗೆ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಕೊಡುತ್ತಾರೆ. ಮದ್ದು ಹಾವಿನ ಮೈಯಿಂದ ಹೊರಹೋಗುವುದು ನಿಧಾನ. ನಡುವಿನ ದಿನ ವೈದ್ಯರು ಮರೆತರು ಎಂದು ನೀವೇ ಕೊಡಬೇಡಿ. ಮದ್ದು ಕೆಲಸ ಮಾಡಲು ಬೆಚ್ಚಗಿನ ತುದಿಯೂ ಬೇಕು, ಕರೆಂಟ್ ಹೋಗುವ ಊರಿನಲ್ಲಿ ಆ ವಾರಗಳಿಗಾದರೂ ಇನ್ವರ್ಟರ್ ಹೊಂದಿಸಿ. ಗಾಯ ಒಣಗಿದಂತೆ ಕಂಡರೂ ಹೇಳಿದಷ್ಟು ಇಂಜೆಕ್ಷನ್ ಮುಗಿಸಿ. ಆ ಮೇಲೂ ಇನ್ನೊಂದು ಪೊರೆ ಬಿಡುವವರೆಗೆ ಪೇಪರ್ ಹಾಸೇ ಇರಲಿ. ಹೊಸ ಹೊಟ್ಟೆಯ ಫೋಟೊವನ್ನು ಹಳೆಯದರ ಪಕ್ಕ ಇಟ್ಟು ವೈದ್ಯರಿಗೆ ಕಳಿಸಿ, ಅವರು ಸರಿ ಎಂದ ಮೇಲೆ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ, ನಾರಿನ ಪುಡಿ ಮತ್ತೆ ಹಾಕಬಹುದು.